ಬಾಣಂತಿಯ ಕಾಲುಬಾವು ಮತ್ತು ಹತ್ತು ಚುಚ್ಚುಮದ್ದುಗಳ ಲೆಕ್ಕ

ಕಳೆದ ತಿಂಗಳು ಧಾರವಾಡ ಕಡೆಯ ಹಳ್ಳಿಯೊಂದರಿಂದ ಹಿರಿಯ ಓದುಗರೊಬ್ಬರ ಪತ್ರ ಬಂದಿತು. ಮೊಮ್ಮಗ ಹುಟ್ಟಿದ ಸಂತೋಷವನ್ನು ಎರಡೇ ಸಾಲಿನಲ್ಲಿ ಮುಗಿಸಿ ಆ ತಾಯಿ ನೇರವಾಗಿ ವಿಷಯಕ್ಕೆ ಬಂದಿದ್ದರು. ಮಗಳಿಗೆ ಸಿಸೇರಿಯನ್ ಶಸ್ತ್ರಚಿಕಿತ್ಸೆಯಾಗಿದೆ. ಮನೆಗೆ ಕಳುಹಿಸುವಾಗ ವೈದ್ಯರು ದಿನಕ್ಕೊಂದರಂತೆ ಹತ್ತು ದಿನ ಹೊಟ್ಟೆಯ ಚರ್ಮದಡಿಗೆ ಹಾಕಿಸಿಕೊಳ್ಳಬೇಕಾದ ಚುಚ್ಚುಮದ್ದುಗಳನ್ನು ಬರೆದುಕೊಟ್ಟಿದ್ದಾರೆ. ಔಷಧದಂಗಡಿಯ ಬಿಲ್ಲನ್ನು ಕಂಡು ಅಳಿಯನ ಮನೆಯವರು ಹೌಹಾರಿದ್ದಾರೆ. "ನನಗೆ ಆರು ಹೆರಿಗೆಗಳಾದವು, ಒಂದು ಸೂಜಿಯೂ ಬೀಳಲಿಲ್ಲ. ಇದು ನಿಜವಾಗಿಯೂ ಬೇಕಾದ ಔಷಧವೋ, ಅಥವಾ ಈಗಿನ ಕಾಲದ ವ್ಯಾಪಾರವೋ? ನಾಲ್ಕು ಹಾಕಿಸಿದ್ದೇವೆ, ಆರು ಉಳಿದಿವೆ, ನಿಲ್ಲಿಸಬಹುದೇ?" ಎಂದು ಅವರು ಕೇಳಿದ್ದರು.

ಪ್ರಶ್ನೆಯಲ್ಲಿ ಸಿಟ್ಟಿದ್ದರೂ ಪ್ರಶ್ನೆ ನ್ಯಾಯವಾದದ್ದೇ. ಔಷಧವೊಂದು ಗುಣ ಕೊಡುವುದೇ ಎಂದು ಕೇಳುವುದು ಎಷ್ಟು ಸಹಜವೋ, ಕೊಡುವ ಗುಣ ತೆರುವ ಹಣಕ್ಕೆ ತಕ್ಕುದಾಗಿದೆಯೇ ಎಂದು ಕೇಳುವುದೂ ಅಷ್ಟೇ ಸಹಜ. ಅದನ್ನು ಕೇಳಲು ಸಂಕೋಚಪಡಬೇಕಾಗಿಲ್ಲ. ದೊಡ್ಡ ದೊಡ್ಡ ದೇಶಗಳ ವೈದ್ಯಮಂಡಲಿಗಳೇ ಈ ಪ್ರಶ್ನೆಯನ್ನು ಹಿಡಿದು ವರ್ಷಗಟ್ಟಲೆ ವಾದಿಸಿವೆ, ಮತ್ತು ಒಂದು ದೇಶದ ಉತ್ತರ ಇನ್ನೊಂದು ದೇಶದ ಉತ್ತರದೊಡನೆ ಹೊಂದುವುದಿಲ್ಲ. ಆ ತಾಯಿಗೆ ಅಂದೇ ಚಿಕ್ಕದೊಂದು ಉತ್ತರ ಬರೆದು ಕಳುಹಿಸಿದೆನಾದರೂ ವಿಷಯ ಅನೇಕ ಮನೆಗಳಿಗೆ ಸಂಬಂಧಿಸಿದ್ದರಿಂದ ಈ ತಿಂಗಳ ಅಂಕಣವನ್ನು ಇದಕ್ಕೇ ಮೀಸಲಿಟ್ಟಿದ್ದೇನೆ.

ಮೊದಲು ಒಂದು ಹಳೆಯ ನೆನಪು. ನಾನು ವೃತ್ತಿಗೆ ಇಳಿದ ಹೊಸತರಲ್ಲಿ ನಾವಿದ್ದ ಓಣಿಯಲ್ಲಿಯೇ ಒಬ್ಬ ಹೆಣ್ಣುಮಗಳು ಚೊಚ್ಚಲ ಹೆರಿಗೆಗೆಂದು ತವರಿಗೆ ಬಂದಿದ್ದಳು. ಹೆರಿಗೆ ಕಷ್ಟವಾಗಿ ಸಿಸೇರಿಯನ್ ಮಾಡಬೇಕಾಯಿತು. ತಾಯಿ ಮಗು ಇಬ್ಬರೂ ಕ್ಷೇಮವಾಗಿ ಮನೆಗೆ ಬಂದರು. ಎಂಟನೆಯ ದಿನದ ಹೊತ್ತಿಗೆ ಎಡಗಾಲಿನ ಮೀನಖಂಡ ನೋಯುತ್ತಿದೆ ಎಂದು ಆಕೆ ಹೇಳಿದಳಂತೆ. ವಾಯುವಿನ ನೋವೆಂದು ಎಣ್ಣೆ ತಿಕ್ಕಿ ಶಾಖ ಕೊಟ್ಟರು, ಇನ್ನಷ್ಟು ಮಲಗಿರು ಎಂದರು. ಹನ್ನೊಂದನೆಯ ದಿನ ಬೆಳಿಗ್ಗೆ ಎರೆಯಲೆಂದು ಹೊರಸಿನಿಂದ ಎಬ್ಬಿಸಿ ಬಚ್ಚಲ ಕಡೆಗೆ ಕರೆದೊಯ್ಯುವಾಗ ಉಸಿರು ಸಿಕ್ಕಿಕೊಂಡಿತು ಎಂದವಳು ಕುಸಿದು ಬಿದ್ದಳು. ನಾನು ಓಡಿ ಹೋಗುವಷ್ಟರಲ್ಲಿ ಎಲ್ಲವೂ ಮುಗಿದಿತ್ತು. ದೃಷ್ಟಿ ತಾಗಿತೆಂದು ಕೆಲವರು, ಹೃದಯ ನಿಂತಿತೆಂದು ಕೆಲವರು ಹೇಳಿದರು. ಮೀನಖಂಡದ ನೋವಿನ ಮಾತು ನನ್ನ ಕಿವಿಗೆ ಬಿದ್ದದ್ದು ಮೂರನೆಯ ದಿನ. ಆ ಕಾಲಿನಿಂದ ಹೊರಟದ್ದು ಎಲ್ಲಿಗೆ ಹೋಗಿ ಮುಟ್ಟಿತೆಂಬುದು ಆಗ ನನಗೆ ತಿಳಿಯಿತು, ಆದರೆ ಯಾರಿಗೂ ಹೇಳಲಿಲ್ಲ. ತಿಕ್ಕಿದವಳು ಆಕೆಯ ತಾಯಿಯೇ ಆಗಿದ್ದಳು.

ಗಾಯವಾದಾಗ ರಕ್ತ ಹೆಪ್ಪುಗಟ್ಟದಿದ್ದರೆ ಮನುಷ್ಯ ಬದುಕುವಂತಿಲ್ಲ. ಹೆರಿಗೆಯ ವೇಳೆ ತಾಯಿಯ ದೇಹದಿಂದ ರಕ್ತ ಹರಿದು ಹೋಗುವ ಭಯವಿರುವುದರಿಂದ ಪ್ರಕೃತಿ ಮೊದಲೇ ಎಚ್ಚರ ವಹಿಸುತ್ತದೆ. ಗರ್ಭದ ಕೊನೆಯ ತಿಂಗಳುಗಳಲ್ಲಿ ಫೈಬ್ರಿನೋಜನ್ ಮೊದಲಾದ ಹೆಪ್ಪುಗಟ್ಟಿಸುವ ಅಂಶಗಳು ರಕ್ತದಲ್ಲಿ ಹೆಚ್ಚುತ್ತವೆ, ಹೆಪ್ಪನ್ನು ತಡೆಯುವ ಅಂಶಗಳು ಕೆಲವು ಇಳಿಯುತ್ತವೆ. ಕಾಪಾಡಲೆಂದು ಬಂದ ಈ ಗುಣವೇ ಹೆರಿಗೆಯ ಬಳಿಕ ಕೆಲವರಿಗೆ ಮುಳುವಾಗುತ್ತದೆ. ಜರ್ಮನಿಯ ರುಡಾಲ್ಫ್ ವಿರ್ಖೋ ಎಂಬ ರೋಗವಿಜ್ಞಾನಿ 19ನೆಯ ಶತಮಾನದ ನಡುವಿನಲ್ಲಿ, ಕಾಲಿನ ಅಭಿಧಮನಿಯಲ್ಲಿ ಕಟ್ಟಿದ ಹೆಪ್ಪು ಕಳಚಿ ರಕ್ತದೊಡನೆ ಸಾಗಿ ಶ್ವಾಸಕೋಶದ ನಾಳವನ್ನು ಮುಚ್ಚುತ್ತದೆ ಎಂಬುದನ್ನು ತೋರಿಸಿಕೊಟ್ಟನು. ರಕ್ತದ ಹರಿವು ಮಂದವಾಗುವುದು, ರಕ್ತದ ಗುಣ ಬದಲಾಗುವುದು, ನಾಳದ ಗೋಡೆಗೆ ಪೆಟ್ಟಾಗುವುದು ಎಂಬ ಮೂರು ಕಾರಣಗಳನ್ನು ಇಂದಿಗೂ ಅವನ ಹೆಸರಿನಲ್ಲಿಯೇ ವೈದ್ಯ ವಿದ್ಯಾರ್ಥಿಗಳು ಬಾಯಿಪಾಠ ಮಾಡುತ್ತಾರೆ. ಸಿಸೇರಿಯನ್ ಆದ ಬಾಣಂತಿಯಲ್ಲಿ ಮೂರೂ ಒಟ್ಟಿಗೆ ಸೇರುತ್ತವೆ. ರಕ್ತದ ಗುಣ ಗರ್ಭದಿಂದಲೇ ಬದಲಾಗಿದೆ, ಶಸ್ತ್ರದಿಂದ ನಾಳಗಳಿಗೆ ಪೆಟ್ಟಾಗಿದೆ, ನೋವಿನಿಂದ ಅವಳು ಅಲುಗಾಡದೆ ಮಲಗಿದ್ದಾಳೆ. ಗರ್ಭಿಣಿಯರಲ್ಲಿ ಈ ಹೆಪ್ಪು ಬಲಗಾಲಿಗಿಂತ ಎಡಗಾಲಿನಲ್ಲಿಯೇ ಬಹುಪಾಲು ಕಾಣಿಸುವುದಕ್ಕೂ ಕಾರಣವಿದೆ. ಎಡಗಡೆಯ ದೊಡ್ಡ ಅಭಿಧಮನಿಯ ಮೇಲೆ ಬಲಗಡೆಗೆ ಹೋಗುವ ಧಮನಿಯೊಂದು ಹಾದುಹೋಗುತ್ತದೆ, ಗರ್ಭದ ಭಾರ ಬಿದ್ದಾಗ ಅದು ಒತ್ತುತ್ತದೆ.

ಈ ಕಾಲುಬಾವು ಹೊಸದೇನಲ್ಲ. ಹಿಂದೆ ಯುರೋಪಿನ ವೈದ್ಯರು ಇದನ್ನು ಹಾಲುಗಾಲು ಎನ್ನುತ್ತಿದ್ದರು. ಎದೆಗೆ ಬರಬೇಕಾದ ಹಾಲು ದಾರಿ ತಪ್ಪಿ ಕಾಲಿಗಿಳಿದು ಕಾಲು ಬಿಳಿಚಿ ಊದಿಕೊಳ್ಳುತ್ತದೆ ಎಂಬುದು ಅವರ ನಂಬಿಕೆಯಾಗಿತ್ತು. ನಮ್ಮವರು ವಾಯುವೆಂದರು, ಅವರು ಹಾಲೆಂದರು. ತಪ್ಪು ತಿಳಿಯುವುದರಲ್ಲಿ ಪೂರ್ವ ಪಶ್ಚಿಮಗಳ ಭೇದವಿರಲಿಲ್ಲ.

ಅಪಾಯ ಎಷ್ಟು ಎಂಬುದನ್ನು ನೋಡೋಣ. ಒಟ್ಟಾರೆ ಸಾವಿರ ಗರ್ಭಿಣಿ ಬಾಣಂತಿಯರಲ್ಲಿ ಒಬ್ಬಿಬ್ಬರಿಗೆ ಇಂಥ ಹೆಪ್ಪು ಕಟ್ಟುತ್ತದೆ. ಸಹಜ ಹೆರಿಗೆಗೆ ಹೋಲಿಸಿದರೆ ಸಿಸೇರಿಯನ್ನಿನ ಬಳಿಕ ಅಪಾಯ ಸುಮಾರು ನಾಲ್ಕು ಪಟ್ಟು. ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2016ರಲ್ಲಿ ಪ್ರಕಟವಾದ ಲೆಕ್ಕದಂತೆ ಸಾವಿರ ಸಿಸೇರಿಯನ್‌ಗಳಿಗೆ ಸುಮಾರು ಮೂರು. ಮೊದಲೇ ನಿಗದಿಯಾದ ಶಸ್ತ್ರಚಿಕಿತ್ಸೆಗಿಂತ ನೋವು ತಿಂದ ಬಳಿಕ ತುರ್ತಾಗಿ ಮಾಡಿದ್ದರಲ್ಲಿ ಅಪಾಯ ಹೆಚ್ಚು. ಹೆರಿಗೆಯ ನಂತರದ ಮೊದಲ ಆರು ವಾರಗಳು ಅತಿ ಕಠಿಣ. ಕ್ಯಾಲಿಫೋರ್ನಿಯಾದ ಹದಿನಾರು ಲಕ್ಷಕ್ಕೂ ಮಿಕ್ಕ ತಾಯಂದಿರ ದಾಖಲೆಗಳನ್ನು ನೋಡಿ 2014ರಲ್ಲಿ ಪ್ರಕಟಿಸಿದ ಅಧ್ಯಯನವು, ಅಪಾಯದ ಸ್ವಲ್ಪ ಅಂಶ ಹನ್ನೆರಡು ವಾರಗಳವರೆಗೂ ಉಳಿಯುತ್ತದೆ ಎಂದು ಕಂಡುಕೊಂಡಿತು. ನಮ್ಮ ಮನೆಗಳಲ್ಲಿ ಮೂರು ತಿಂಗಳು ಮಗಳನ್ನು ತವರಿನಲ್ಲಿಟ್ಟುಕೊಳ್ಳುವ ವಾಡಿಕೆಯ ಅವಧಿಗೂ ಇದಕ್ಕೂ ಹೊಂದಿಕೆಯಾಗಿರುವುದು ಆಕಸ್ಮಿಕವಿರಬೇಕು.

ಸಾವಿರಕ್ಕೆ ಮೂರು ಎಂದರೆ ಅಲ್ಪವೆನಿಸುತ್ತದೆ. ಆದರೆ ಗುಣಿಸಿ ನೋಡಬೇಕಾದ ಸಂಖ್ಯೆ ದೊಡ್ಡದು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಭಾರತದಲ್ಲಿ ನೂರಕ್ಕೆ 21.5 ಹೆರಿಗೆಗಳು ಸಿಸೇರಿಯನ್ ಮೂಲಕ ಆದವು. ಸರಕಾರಿ ಆಸ್ಪತ್ರೆಗಳಲ್ಲಿ ಅದು 14.3, ಖಾಸಗಿಯವುಗಳಲ್ಲಿ 47.4. ನಮ್ಮ ಕರ್ನಾಟಕದಲ್ಲಿ ಒಟ್ಟು 31.5. ಪತ್ರ ಬರೆದ ತಾಯಿ ತಮ್ಮ ಆರು ಹೆರಿಗೆಗಳ ಮಾತೆತ್ತಿದ್ದಾರೆ. ಅವರ ಆರೂ ಹೆರಿಗೆಗಳು ಮನೆಯಲ್ಲಿ ಸಹಜವಾಗಿ ಆದಂಥವು ಎಂಬುದನ್ನು ಅವರು ಮರೆಯಬಾರದು. ಈ ಸಿಸೇರಿಯನ್‌ಗಳಲ್ಲಿ ಎಷ್ಟು ಅವಶ್ಯ, ಎಷ್ಟು ಅನವಶ್ಯ ಎಂಬುದು ಬೇರೆಯೇ ಚರ್ಚೆ, ಅದನ್ನು ಇಲ್ಲಿ ಎತ್ತುವುದಿಲ್ಲ. ಆದರೂ ಒಂದು ಮಾತು: ಬೇಡದ ಶಸ್ತ್ರಚಿಕಿತ್ಸೆಯೊಂದನ್ನು ತಪ್ಪಿಸಿದರೆ ಅದರ ಹಿಂದೆ ಬರುವ ಹೆಪ್ಪಿನ ಭಯವೂ ಹತ್ತು ಸೂಜಿಗಳ ಖರ್ಚೂ ಒಟ್ಟಿಗೇ ತಪ್ಪುತ್ತವೆ.

ತಡೆಯುವ ಉಪಾಯಗಳು ಮೂರು ಬಗೆಯವು. ಮೊದಲನೆಯದಕ್ಕೆ ಕಾಸಿನ ಖರ್ಚಿಲ್ಲ. ಶಸ್ತ್ರಚಿಕಿತ್ಸೆಯಾದ ದಿನವೇ, ವೈದ್ಯರು ಒಪ್ಪಿದೊಡನೆ, ಕಾಲಾಡಿಸುವುದು, ಎದ್ದು ಕೂರುವುದು, ನಾಲ್ಕು ಹೆಜ್ಜೆ ಇಡುವುದು, ಸಾಕಷ್ಟು ನೀರು ಕುಡಿಯುವುದು. ಮೀನಖಂಡದ ಸ್ನಾಯುಗಳು ಕುಗ್ಗಿ ಹಿಗ್ಗಿದಾಗಲೆಲ್ಲ ಕಾಲಿನ ರಕ್ತವನ್ನು ಮೇಲಕ್ಕೆ ನೂಕುತ್ತವೆ. ಎರಡನೆಯದು ಯಂತ್ರ. ಕಾಲುಗಳಿಗೆ ಸುತ್ತಿದ ಚೀಲಗಳಲ್ಲಿ ಗಾಳಿ ತುಂಬಿ ಬಿಡುತ್ತ ಅದೇ ಸ್ನಾಯುಗಳ ಕೆಲಸವನ್ನು ಮಾಡುವ ಪಂಪು. ಮೂರನೆಯದು ಪತ್ರದಲ್ಲಿ ಬಂದಿರುವ ಚುಚ್ಚುಮದ್ದು, ಅಂದರೆ ಹೆಪಾರಿನ್.

ಹೆಪಾರಿನ್ನಿನ ಕಥೆ ಸ್ವಾರಸ್ಯವಾಗಿದೆ. 1916ರಲ್ಲಿ ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯದಲ್ಲಿ ಜೇ ಮೆಕ್ಲೀನ್ ಎಂಬ ವೈದ್ಯ ವಿದ್ಯಾರ್ಥಿ, ರಕ್ತವನ್ನು ಹೆಪ್ಪುಗಟ್ಟಿಸುವ ವಸ್ತುವನ್ನು ಹುಡುಕುತ್ತಿರುವಾಗ ಅದಕ್ಕೆ ತದ್ವಿರುದ್ಧವಾದ ವಸ್ತು ಅವನ ಕೈಗೆ ಸಿಕ್ಕಿತು. ಯಕೃತ್ತಿನಿಂದ ಬಂದುದರಿಂದ ಯಕೃತ್ತಿನ ಗ್ರೀಕ್ ಹೆಸರನ್ನೇ ಅದಕ್ಕಿಟ್ಟರು. ಶುದ್ಧಗೊಳಿಸಿ ರೋಗಿಗಳಿಗೆ ಕೊಡುವ ಹೊತ್ತಿಗೆ 1930ರ ದಶಕ ಬಂದಿತ್ತು. ಈಗ ಬಾಣಂತಿಯರಿಗೆ ಕೊಡುವುದು ಅದರ ಅಣುಗಳನ್ನು ಕತ್ತರಿಸಿ ಚಿಕ್ಕದಾಗಿಸಿದ ರೂಪ, ಎನಾಕ್ಸಪಾರಿನ್ ಮೊದಲಾದ ಹೆಸರಿನದು. ಇದು ಎದೆಹಾಲಿಗೆ ಗಣನೀಯವಾಗಿ ಇಳಿಯುವುದಿಲ್ಲ, ಮಗುವಿಗೆ ತೊಂದರೆಯಿಲ್ಲ.

ಇಲ್ಲಿ ನಮ್ಮ ಓದುಗರು ತಿಳಿಯಲೇಬೇಕಾದ ಒಂದು ಸಂಗತಿ ಇದೆ. ಹೆಪಾರಿನ್ನನ್ನೂ ಎನಾಕ್ಸಪಾರಿನ್ನನ್ನೂ ತಯಾರಿಸುವುದು ಮುಖ್ಯವಾಗಿ ಹಂದಿಯ ಕರುಳಿನ ಒಳಪೊರೆಯಿಂದ. ಇದನ್ನು ಆಸ್ಪತ್ರೆಯಲ್ಲಿ ಯಾರೂ ಹೇಳುವುದಿಲ್ಲ, ಕೇಳಿದರೂ ಅನೇಕರಿಗೆ ತಿಳಿದಿರುವುದಿಲ್ಲ. ತಲೆತಲಾಂತರದಿಂದ ಸಸ್ಯಾಹಾರಿಗಳಾದ ಮನೆಗಳವರಿಗೆ ಇದು ಮನಸ್ಸಿಗೆ ಮುಳ್ಳಾಗಬಹುದು. ಮುಚ್ಚಿಟ್ಟು ಕೊಡುವುದಕ್ಕಿಂತ ಹೇಳಿ ಕೊಡುವುದೇ ಲೇಸೆಂದು ನನ್ನ ಅಭಿಪ್ರಾಯ. ಪ್ರಾಣ ಉಳಿಸಲೆಂದು ಚರ್ಮದಡಿ ಸೇರುವ ಶುದ್ಧೀಕೃತ ಔಷಧವನ್ನು ಆಹಾರವೆಂದು ಎಣಿಸಲಾಗದು ಎಂದು ನಾನು ತಿಳಿದಿದ್ದೇನೆ. ಒಪ್ಪದವರು ವೈದ್ಯರಿಗೆ ಮೊದಲೇ ತಿಳಿಸಬಹುದು. ಫಾಂಡಾಪರಿನಕ್ಸ್ ಎಂಬ, ಪ್ರಾಣಿಮೂಲವಿಲ್ಲದೆ ಪ್ರಯೋಗಶಾಲೆಯಲ್ಲಿ ತಯಾರಾದ ಔಷಧವೂ ಉಂಟು, ಆದರೆ ಅದು ತಕ್ಕುದೇ ಎಂಬುದನ್ನು ವೈದ್ಯರೇ ನಿರ್ಧರಿಸಬೇಕು. ಮೂಲ ಒಂದೇ ಪ್ರಾಣಿಯಾಗಿರುವುದರ ತೊಂದರೆ ಬೇರೆಯೂ ಇದೆ. 2008ರಲ್ಲಿ ಚೀನಾದಿಂದ ಬಂದ ಕಚ್ಚಾ ಹೆಪಾರಿನ್ನಿನಲ್ಲಿ ಕಲಬೆರಕೆಯಾಗಿ ಅಮೆರಿಕದಲ್ಲಿ ಹಲವಾರು ರೋಗಿಗಳು ಸತ್ತರು.

ಇನ್ನು ಹಣದ ಲೆಕ್ಕ. ಚುಚ್ಚುಮದ್ದಿನ ದರ ಕಂಪನಿಯಿಂದ ಕಂಪನಿಗೆ ಬೇರೆಯಾಗುವುದರಿಂದ ಉದಾಹರಣೆಗಾಗಿ ಒಂದಕ್ಕೆ 300 ರೂಪಾಯಿ ಎಂದು ಇಟ್ಟುಕೊಳ್ಳೋಣ. ಹತ್ತಕ್ಕೆ 3,000 ರೂಪಾಯಿ. ಔಷಧ ಅಪಾಯವನ್ನು ಅರ್ಧಕ್ಕಿಳಿಸುತ್ತದೆ ಎಂದು ಉದಾರವಾಗಿ ಒಪ್ಪೋಣ. ಸಾವಿರ ಜನ ಸಿಸೇರಿಯನ್ ಆದ ತಾಯಂದಿರಿಗೆ ಎಲ್ಲರಿಗೂ ಕೊಟ್ಟರೆ 30 ಲಕ್ಷ ರೂಪಾಯಿ ಖರ್ಚಾಗಿ ಮೂರರಲ್ಲಿ ಒಂದೂವರೆ ಹೆಪ್ಪು ತಪ್ಪುತ್ತದೆ. ಅಂದರೆ ಒಂದು ಹೆಪ್ಪನ್ನು ತಪ್ಪಿಸಲು 20 ಲಕ್ಷ. ಅದೇ ಔಷಧವನ್ನು, ಸಾವಿರಕ್ಕೆ ಹತ್ತು ಜನರಿಗೆ ಹೆಪ್ಪು ಕಟ್ಟುವಷ್ಟು ಅಪಾಯವಿರುವ ತಾಯಂದಿರನ್ನು ಆರಿಸಿ ಕೊಟ್ಟರೆ, ಅದೇ 30 ಲಕ್ಷಕ್ಕೆ ಐದು ಹೆಪ್ಪುಗಳು ತಪ್ಪುತ್ತವೆ, ಒಂದಕ್ಕೆ ಆರು ಲಕ್ಷ. ಔಷಧ ಬದಲಾಗಲಿಲ್ಲ, ದರ ಬದಲಾಗಲಿಲ್ಲ. ಯಾರಿಗೆ ಕೊಟ್ಟೆವೆಂಬುದು ಬದಲಾಯಿತು. ವಿದೇಶಗಳ ಪಂಡಿತರ ಉದ್ದುದ್ದ ಲೇಖನಗಳ ತಿರುಳೂ ಹೆಚ್ಚುಕಡಿಮೆ ಇಷ್ಟೇ.

ಆದರೆ ಹೆಪ್ಪುಗಳನ್ನು ಎಣಿಸಿದರೆ ಸಾಲದು, ಉಳಿದ ಆಯುಷ್ಯವನ್ನು ಎಣಿಸಬೇಕು ಎನ್ನುತ್ತಾರೆ ಅರ್ಥಶಾಸ್ತ್ರಜ್ಞರು. ಅದಕ್ಕಾಗಿ ಅವರು ಒಂದು ಅಳತೆಗೋಲನ್ನು ಮಾಡಿಕೊಂಡಿದ್ದಾರೆ. ಪೂರ್ಣ ಆರೋಗ್ಯದಿಂದ ಕಳೆದ ಒಂದು ವರ್ಷಕ್ಕೆ ಒಂದು ಅಂಕ, ನರಳುತ್ತ ಕಳೆದ ವರ್ಷಕ್ಕೆ ಅದಕ್ಕಿಂತ ಕಡಿಮೆ. ಚಿಕಿತ್ಸೆಯೊಂದು ಇಂಥ ಒಂದು ವರ್ಷವನ್ನು ಗಳಿಸಿಕೊಡಲು ಎಷ್ಟು ಹಣ ಬೇಡುತ್ತದೆ ಎಂದು ನೋಡುವುದು ಅವರ ಕ್ರಮ. ಅಮೆರಿಕದಲ್ಲಿ ಬಹುಕಾಲ 50 ಸಾವಿರ ಡಾಲರನ್ನು ರೂಢಿಯ ಮಿತಿಯೆಂದು ಬಗೆದಿದ್ದರು. ಗಾಳಿ ತುಂಬುವ ಯಂತ್ರವನ್ನು ಸಿಸೇರಿಯನ್ ಆದವರೆಲ್ಲರಿಗೂ ಹಾಕಿದರೆ ಹೇಗೆ ಎಂದು 2006ರಲ್ಲಿ ಅಲ್ಲಿನ ಇಬ್ಬರು ಸಂಶೋಧಕರು ಲೆಕ್ಕ ಹಾಕಿದಾಗ ಒಂದು ವರ್ಷಕ್ಕೆ 40 ಸಾವಿರ ಡಾಲರಿಗಿಂತ ತುಸು ಕಡಿಮೆ ಎಂದು ಬಂದಿತು. ಮಿತಿಯೊಳಗಿದೆ, ಆದುದರಿಂದ ಮಾಡತಕ್ಕದ್ದು ಎಂದಾಯಿತು. ಬಾಣಂತಿ ಎಳೆಯ ವಯಸ್ಸಿನವಳು ಎಂಬುದೇ ಈ ಲೆಕ್ಕದ ಬಲ. ಎಂಬತ್ತು ವರ್ಷದ ಮುದುಕನ ಪ್ರಾಣ ಉಳಿಸಿದರೆ ಲೆಕ್ಕಕ್ಕೆ ನಾಲ್ಕಾರು ವರ್ಷ ಸೇರುತ್ತವೆ, ಇಪ್ಪತ್ತಾರರ ತಾಯಿಯನ್ನು ಉಳಿಸಿದರೆ ಐವತ್ತು. ತಾಯಿಲ್ಲದ ಕೂಸಿನ ಬಾಳನ್ನು ಮಾತ್ರ ಈ ಅಳತೆಗೋಲು ಲೆಕ್ಕಕ್ಕೆ ಹಿಡಿಯುವುದಿಲ್ಲ. ಅದು ಅದರ ದೊಡ್ಡ ಕೊರತೆಯೆಂದು ನನಗೆ ತೋರುತ್ತದೆ.

ಲೆಕ್ಕ ಹೀಗಾದರೆ ಅನುಭವವೇನು? ಅಮೆರಿಕದ ನೂರಾರು ಆಸ್ಪತ್ರೆಗಳನ್ನು ನಡೆಸುವ ಒಂದು ದೊಡ್ಡ ಸಂಸ್ಥೆ, ಸಿಸೇರಿಯನ್ ಆಗುವ ಪ್ರತಿಯೊಬ್ಬರಿಗೂ ಈ ಯಂತ್ರ ಹಾಕಬೇಕೆಂದು ನಿಯಮ ಮಾಡಿತು. 2014ರಲ್ಲಿ ಪ್ರಕಟವಾದ ಅವರ ಅಂಕೆಗಳಂತೆ, ನಿಯಮಕ್ಕೆ ಮೊದಲು 4,58,097 ಸಿಸೇರಿಯನ್‌ಗಳಲ್ಲಿ ಶ್ವಾಸಕೋಶದ ಹೆಪ್ಪಿನಿಂದ ಏಳು ತಾಯಂದಿರು ಸತ್ತಿದ್ದರು. ನಿಯಮದ ಬಳಿಕ 4,65,880ರಲ್ಲಿ ಒಬ್ಬರು. ಆರು ಪ್ರಾಣಗಳು. ಅವುಗಳಿಗಾಗಿ ಯಂತ್ರ ತೊಟ್ಟವರು ನಾಲ್ಕೂಮುಕ್ಕಾಲು ಲಕ್ಷದ ಹತ್ತಿರ, ಒಂದು ಪ್ರಾಣಕ್ಕೆ ಮುಕ್ಕಾಲು ಲಕ್ಷಕ್ಕೂ ಮಿಕ್ಕು ಮಂದಿ. ಹೆಚ್ಚೆನ್ನಬೇಕೋ ಕಡಿಮೆಯೆನ್ನಬೇಕೋ ಎಂದು ಈ ಸಂಖ್ಯೆಗಳ ಮುಂದೆ ನಾನು ಬಹಳ ಹೊತ್ತು ಕುಳಿತಿದ್ದುಂಟು. ಇದು ಹಿಂದಿನ ಕಾಲಕ್ಕೂ ಮುಂದಿನ ಕಾಲಕ್ಕೂ ಮಾಡಿದ ಹೋಲಿಕೆ, ನಡುವೆ ಬದಲಾದದ್ದು ಯಂತ್ರವೊಂದೇ ಎಂದು ಹೇಳಬರುವುದಿಲ್ಲ.

ಇಂಗ್ಲೆಂಡಿನವರು ಸೂಜಿಯ ದಾರಿ ಹಿಡಿದರು. ಪ್ರತಿಯೊಬ್ಬ ಬಾಣಂತಿಯ ಸಾವನ್ನೂ ಗುಟ್ಟಾಗಿ, ಯಾರ ಮೇಲೂ ದೂರಿಲ್ಲದೆ ವಿಚಾರಿಸಿ ವರದಿ ಮಾಡುವ ಪದ್ಧತಿ ಅಲ್ಲಿ 1952ರಿಂದ ಇದೆ. ನಾವು ಕಲಿಯಬೇಕಾದದ್ದು ಯಾವುದಾದರೂ ಇದ್ದರೆ ಸೂಜಿಗಿಂತ ಮೊದಲು ಈ ಪದ್ಧತಿಯನ್ನು. ಹೆಪ್ಪಿನ ಸಾವುಗಳು ಮೇಲಿಂದ ಮೇಲೆ ಕಂಡದ್ದರಿಂದ ಅಲ್ಲಿನ ಪ್ರಸೂತಿತಜ್ಞರ ರಾಯಲ್ ಕಾಲೇಜು 1995ರಿಂದ ಮಾರ್ಗಸೂಚಿಗಳನ್ನು ಹೊರಡಿಸುತ್ತ ಬಂದಿತು. 2003–05ರ ಮೂರು ವರ್ಷಗಳಲ್ಲಿ 41 ಇದ್ದ ಸಾವುಗಳು 2006–08ರಲ್ಲಿ 18ಕ್ಕೆ ಇಳಿದವು. ಆಗ ಎಲ್ಲರೂ ಹಿಗ್ಗಿದರು. ಆದರೆ 2020–22ರ ಅವಧಿಯ ವರದಿಯಲ್ಲಿ ಮತ್ತೆ ಬಾಣಂತಿಯರ ಸಾವಿಗೆ ಮೊದಲ ಕಾರಣವೆಂದು ಬಂದದ್ದು ಇದೇ ಹೆಪ್ಪು. ಅಷ್ಟೊಂದು ಸೂಜಿ ಹಾಕಿಯೂ ಹೀಗಾಯಿತೆಂದರೆ ಇದು ಸುಲಭದ ಶತ್ರುವಲ್ಲ.

ಸಂದೇಹಪಡುವವರ ವಾದವನ್ನೂ ಹೇಳಬೇಕು. ಕಾಕ್ರೇನ್ ಎಂಬ ಹೆಸರಾಂತ ವಿಮರ್ಶಾ ಮಂಡಲಿ 2021ರಲ್ಲಿ ಲಭ್ಯವಿದ್ದ ಪರೀಕ್ಷೆಗಳನ್ನೆಲ್ಲ ತೂಗಿ, ಬಾಣಂತಿಯರಲ್ಲಿ ಈ ಔಷಧದ ಗುಣವನ್ನು ಖಚಿತವಾಗಿ ಹೇಳುವಷ್ಟು ಆಧಾರ ಇನ್ನೂ ಇಲ್ಲವೆಂದಿತು. ಸಾವಿರಕ್ಕೆ ಮೂರು ಬಾರಿ ಬರುವ ರೋಗವನ್ನು ಪರೀಕ್ಷಿಸಲು ಹತ್ತಾರು ಸಾವಿರ ತಾಯಂದಿರು ಬೇಕು, ಅಂಥ ಪರೀಕ್ಷೆ ನಡೆದೇ ಇಲ್ಲ. ಅದೇ ವರ್ಷ ಅಮೆರಿಕದ ಅಲಬಾಮಾ ವಿಶ್ವವಿದ್ಯಾಲಯದವರು, ತಮ್ಮಲ್ಲಿ ಹೆಪಾರಿನ್ ಹೆಚ್ಚು ಜನರಿಗೆ ಕೊಡತೊಡಗಿದ ಮೇಲೆ ಶಸ್ತ್ರಚಿಕಿತ್ಸೆಯ ಗಾಯದಲ್ಲಿ ರಕ್ತ ತುಂಬುವುದು ಹೆಚ್ಚಿತು, ಹೆಪ್ಪು ಮಾತ್ರ ಗಮನಾರ್ಹವಾಗಿ ಕಡಿಮೆಯಾಗಲಿಲ್ಲ ಎಂದು ಪ್ರಕಟಿಸಿದರು. ಹೆಪ್ಪು ತಡೆಯುವ ಔಷಧ ರಕ್ತಸ್ರಾವಕ್ಕೆ ದಾರಿ ಮಾಡುವುದು ಅದರ ಸ್ವಭಾವವೇ ಆಗಿದೆ.

ನಮ್ಮ ದೇಶದ ಮಟ್ಟಿಗೆ ಈ ಮಾತಿನ ತೂಕ ಹೆಚ್ಚು. 2018–20ರ ಅಂಕೆಗಳಂತೆ ಲಕ್ಷ ಜೀವಂತ ಜನನಗಳಿಗೆ ಭಾರತದಲ್ಲಿ 97, ಕರ್ನಾಟಕದಲ್ಲಿ 69 ತಾಯಂದಿರು ಸಾಯುತ್ತಿದ್ದರು. ಇಲ್ಲಿ ಅತಿ ದೊಡ್ಡ ಕೊಲೆಗಾರ ರಕ್ತಸ್ರಾವ, ಹೆಪ್ಪಲ್ಲ. ಗರ್ಭಿಣಿಯರಲ್ಲಿ ನೂರಕ್ಕೆ 52 ಮಂದಿ ರಕ್ತಹೀನತೆಯಿಂದ ಬಳಲುತ್ತಿದ್ದಾರೆಂದು ಮೇಲೆ ಹೇಳಿದ ಸಮೀಕ್ಷೆಯೇ ಹೇಳುತ್ತದೆ. ಬೊಕ್ಕಸದಲ್ಲಿ ಒಂದು ರೂಪಾಯಿ ಇದ್ದು ಅದನ್ನು ಕಬ್ಬಿಣದ ಮಾತ್ರೆಗೆ, ರಕ್ತನಿಧಿಗೆ, ಹೆಪಾರಿನ್ನಿಗೆ ಎಂದು ಹಂಚಬೇಕಾದರೆ ಹೆಪಾರಿನ್ನಿನ ಪಾಲು ಕೊನೆಯದಾಗುತ್ತದೆ. ಸರಕಾರಿ ಆಸ್ಪತ್ರೆಗಳಲ್ಲಿ 2011ರಲ್ಲಿ ಆರಂಭವಾದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ ಸಿಸೇರಿಯನ್ನೂ ಔಷಧವೂ ಉಚಿತ. ಅಲ್ಲಿ ಹಂಚುವವರ ಕಷ್ಟ ಇದು. ಖಾಸಗಿ ಆಸ್ಪತ್ರೆಯಲ್ಲಿ ಮಾತ್ರ ಲೆಕ್ಕ ಒಂದು ಮನೆಯದು. ದೇಶಕ್ಕೆ ದುಬಾರಿಯಾದದ್ದು ಒಬ್ಬ ಮಗಳಿಗೆ ಅಗ್ಗವಾಗಿರಬಹುದು.

ಹಾಗಾದರೆ ಯಾರಿಗೆ ಬೇಕು? ಇಂಗ್ಲೆಂಡಿನ 2015ರ ಮಾರ್ಗಸೂಚಿ ಅಂಕಗಳನ್ನು ಕೊಟ್ಟು ಕೂಡಿಸಲು ಹೇಳುತ್ತದೆ. ಹೆರಿಗೆನೋವು ಬಂದ ಬಳಿಕ ಮಾಡಿದ ಸಿಸೇರಿಯನ್ನಿಗೆ ಎರಡು ಅಂಕ, ನಿಗದಿತ ದಿನದಂದು ಮಾಡಿದ್ದಕ್ಕೆ ಒಂದು. ವಯಸ್ಸು 35 ದಾಟಿದ್ದರೆ ಒಂದು, ಸ್ಥೂಲಕಾಯಕ್ಕೆ ಒಂದು, ಅತಿ ಸ್ಥೂಲವಾದರೆ ಎರಡು, ಗರ್ಭದ ನಂಜಿಗೆ ಒಂದು, ಮೂರು ಅಥವಾ ಹೆಚ್ಚು ಹೆರಿಗೆಯಾಗಿದ್ದರೆ ಒಂದು, ಕಾಲಿನ ನರಗಳು ಬಹಳವಾಗಿ ಗಂಟುಕಟ್ಟಿದ್ದರೆ ಒಂದು. ಬಾಣಂತಿಗೆ ಎರಡು ಅಂಕ ತುಂಬಿದರೆ ಹತ್ತು ದಿನದ ಚುಚ್ಚುಮದ್ದನ್ನು ಯೋಚಿಸಬೇಕೆಂದು ಅದರ ಮತ. ಹಿಂದೆ ಒಮ್ಮೆ ಹೆಪ್ಪು ಕಟ್ಟಿದ್ದವರಿಗೆ ಆರು ವಾರ. ಅಮೆರಿಕದ ಎದೆರೋಗ ವೈದ್ಯರ ಮಂಡಲಿ 2012ರಲ್ಲಿ ಹೇಳಿದ್ದೇ ಬೇರೆ. ಸಿಸೇರಿಯನ್ನೊಂದೇ ಕಾರಣವಾಗಿದ್ದು ಬೇರೆ ಅಪಾಯವಿಲ್ಲದಿದ್ದರೆ ಬೇಗ ಎದ್ದು ಓಡಾಡಿದರೆ ಸಾಕು, ಔಷಧ ಬೇಡ. ಏಷ್ಯಾದ ಜನರಲ್ಲಿ ಈ ರೋಗ ಸ್ವಲ್ಪ ಕಡಿಮೆ ಎಂಬುದನ್ನೂ ನೆನೆದರೆ ನಮ್ಮಲ್ಲಿ ಎಲ್ಲರಿಗೂ ಕಣ್ಣುಮುಚ್ಚಿ ಬರೆಯುವುದನ್ನು ನಾನು ಒಪ್ಪಲಾರೆ. ಅಪಾಯವಿದ್ದವಳಿಗೆ ಹಣ ನೋಡಿ ತಪ್ಪಿಸುವುದನ್ನಂತೂ ಒಪ್ಪುವುದೇ ಇಲ್ಲ.

ಈಗ ನಮ್ಮ ಬಾಣಂತನದ ಮಾತಿಗೆ ಬರುತ್ತೇನೆ, ಹಿರಿಯರು ಬೇಸರಿಸಬಾರದು. ಬಾಣಂತಿಗೆ ವಿಶ್ರಾಂತಿ, ಬೆಚ್ಚನೆಯ ಕೋಣೆ, ಅಂಟಿನುಂಡೆ, ಪೌಷ್ಟಿಕ ಊಟ, ಮನೆಗೆಲಸದಿಂದ ಬಿಡುಗಡೆ, ಇವೆಲ್ಲ ಅನುಭವದಿಂದ ಬಂದ ಒಳ್ಳೆಯ ಪದ್ಧತಿಗಳು. ಆದರೆ ಎರಡು ವಾಡಿಕೆಗಳು ಹೆಪ್ಪಿಗೆ ಆಹ್ವಾನ ಕೊಡುತ್ತವೆ. ಒಂದು, ಹಸಿ ಮೈಯಲ್ಲಿ ನೀರು ಕುಡಿದರೆ ಹೊಟ್ಟೆ ಬರುತ್ತದೆಂದು ನೀರನ್ನು ಅಳೆದು ಕೊಡುವುದು. ಇನ್ನೊಂದು, ಹೊರಸಿನಿಂದ ಕಾಲು ಕೆಳಗಿಡಲು ಬಿಡದಿರುವುದು. ಹಾಲೂಡಿಸುವ ತಾಯಿಗೆ ನೀರು ಹೆಚ್ಚು ಬೇಕು. ನೀರು ಕಡಿಮೆಯಾದ ರಕ್ತ ಮಂದವಾಗುತ್ತದೆ. ಸಾವಿರಾರು ಡಾಲರಿನ ಯಂತ್ರ ಮಾಡುವ ಕೆಲಸವನ್ನು ಮನೆಯಂಗಳದ ಹತ್ತು ಸುತ್ತು ಮಾಡಬಲ್ಲದೆಂದ ಮೇಲೆ ಅದನ್ನೇಕೆ ತಡೆಯಬೇಕು?

ಹೆಪ್ಪು ಕಾಲಿನಲ್ಲಿಯೇ ಕಟ್ಟಬೇಕೆಂದಿಲ್ಲ. ಮೆದುಳಿನ ಅಭಿಧಮನಿಗಳಲ್ಲಿಯೂ ಕಟ್ಟುತ್ತದೆ. ಬಾಣಂತಿಯರ ಈ ರೋಗವನ್ನು ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ನರರೋಗತಜ್ಞರು ದಶಕಗಳ ಕಾಲ ಅಭ್ಯಸಿಸಿದ್ದಾರೆ. ಹೆರಿಗೆಯಾದ ಕೆಲವು ದಿನಗಳಲ್ಲಿ ತಡೆಯಲಾರದ ತಲೆನೋವು, ವಾಂತಿ, ಮಂಕು, ಫಿಟ್ಸು, ಕೈಕಾಲು ಸೋಲುವುದು ಇದರ ಲಕ್ಷಣಗಳು. ಬಾಣಂತಿ ಸನ್ನಿಯೆಂದು ಹಿಂದಿನವರು ಕೈಚೆಲ್ಲಿ ಕೂತ ಪ್ರಸಂಗಗಳಲ್ಲಿ ಕೆಲವಾದರೂ ಇದೇ ಆಗಿದ್ದಿರಬೇಕು. ರಕ್ತದಲ್ಲಿ ಹೋಮೋಸಿಸ್ಟೀನ್ ಎಂಬ ವಸ್ತು ಹೆಚ್ಚಿರುವುದಕ್ಕೂ ಈ ರೋಗಕ್ಕೂ ನಂಟಿರುವುದನ್ನು 2008ರಲ್ಲಿ ಅದೇ ಸಂಸ್ಥೆಯವರು ಪ್ರಕಟಿಸಿದರು. ಫೋಲಿಕ್ ಆಮ್ಲ, ಬಿ12 ಜೀವಸತ್ವಗಳು ಕೊರತೆಯಾದರೆ ಆ ವಸ್ತು ಏರುತ್ತದೆ. ಬಿ12 ಸಸ್ಯಗಳಲ್ಲಿ ಇಲ್ಲ, ಹಾಲು ಮೊಸರುಗಳಲ್ಲಿ ಇದೆ. ಸಸ್ಯಾಹಾರಿ ಮನೆಯ ಗರ್ಭಿಣಿಗೆ ಹಾಲು ಮೊಸರನ್ನು ತಪ್ಪಿಸದೆ ಕೊಡಬೇಕು, ಬಿ12 ಮಾತ್ರೆಯ ವಿಷಯವನ್ನು ವೈದ್ಯರಲ್ಲಿ ಕೇಳಬೇಕು.

ಒಂದೇ ಕಾಲು ಊದಿಕೊಂಡರೆ, ಮೀನಖಂಡ ನೊಂದು ಬಿಸಿಯಾದರೆ, ಅದನ್ನು ತಿಕ್ಕಬಾರದು. ಅದೇ ದಿನ ಆಸ್ಪತ್ರೆಗೆ ಕರೆದೊಯ್ದು ಡಾಪ್ಲರ್ ಪರೀಕ್ಷೆ ಮಾಡಿಸಬೇಕು. ಹಠಾತ್ತಾಗಿ ಉಸಿರು ಕಟ್ಟಿದರೆ, ಎದೆ ನೊಂದರೆ, ಕೆಮ್ಮಿನಲ್ಲಿ ರಕ್ತ ಕಂಡರೆ, ಕಣ್ಣು ಕತ್ತಲೆಗಟ್ಟಿ ಬಿದ್ದರೆ ಅರ್ಧ ಗಂಟೆಯೂ ತಡೆಯಬಾರದು. ಚುಚ್ಚುಮದ್ದು ತೆಗೆದುಕೊಳ್ಳುವವರಲ್ಲಿ ಗಾಯದ ಸುತ್ತ ನೀಲಿಗಟ್ಟಿ ಊದಿದರೆ, ಅಥವಾ ರಕ್ತಸ್ರಾವ ಹೆಚ್ಚಿದರೆ, ಮುಂದಿನ ಸೂಜಿಗೆ ಮೊದಲು ವೈದ್ಯರಿಗೆ ತೋರಿಸಬೇಕು. ಸೂಜಿಯ ಬದಲು ಆಸ್ಪಿರಿನ್ ಮಾತ್ರೆ ಸಾಲದೇ ಎಂದು ಕೆಲವರು ಕೇಳುವುದುಂಟು. ಮೂಳೆ ಶಸ್ತ್ರಚಿಕಿತ್ಸೆಯಾದವರಲ್ಲಿ ಅದು ಗುಣ ತೋರಿದೆ, ಬಾಣಂತಿಯರಲ್ಲಿ ಪರೀಕ್ಷೆಗಳು ಈಗಷ್ಟೇ ಆರಂಭವಾಗಿವೆ. ತಾವಾಗಿಯೇ ನುಂಗುವುದು ಬೇಡ.

ಪತ್ರ ಬರೆದ ತಾಯಿಗೆ ನಾನು ಮೂರು ಪ್ರಶ್ನೆ ಕೇಳಿದ್ದೆ: ಮಗಳ ವಯಸ್ಸೆಷ್ಟು, ತೂಕವೆಷ್ಟು, ಶಸ್ತ್ರಚಿಕಿತ್ಸೆ ಮೊದಲೇ ಗೊತ್ತಾಗಿತ್ತೋ ನೋವು ತಿಂದ ಮೇಲೋ. ಮರುದಿನವೇ ದೂರವಾಣಿಯಲ್ಲಿ ಉತ್ತರ ಬಂತು. ವಯಸ್ಸು ಮೂವತ್ತಾರು, ತೂಕ ತೊಂಬತ್ತರ ಹತ್ತಿರ, ಹದಿನೆಂಟು ಗಂಟೆ ನೋವು ತಿಂದ ಬಳಿಕ ನಡುರಾತ್ರಿ ಶಸ್ತ್ರಚಿಕಿತ್ಸೆ. ಉಳಿದ ಆರನ್ನೂ ಹಾಕಿಸಿ, ಬರೆದುಕೊಟ್ಟ ವೈದ್ಯರಿಗೆ ಒಮ್ಮೆ ತೋರಿಸಿ ಎಂದೆ. ಈ ಬಾರಿ ಅವರು ಖರ್ಚಿನ ಮಾತೆತ್ತಲಿಲ್ಲ. ಸೊಸೆಗೂ ಬರುವ ಕಾರ್ತಿಕದಲ್ಲಿ ಹೆರಿಗೆಯಿದೆ, ಅವಳಿಗೆ ಇಪ್ಪತ್ತಮೂರು, ಸಪೂರ ಮೈ, ಅವಳಿಗೂ ಬರೆದರೆ ಏನು ಮಾಡಲಿ ಎಂದು ಕೇಳಿದರು. ಸಹಜ ಹೆರಿಗೆಯಾಗಿ ಬೇರೆ ತೊಂದರೆ ಇಲ್ಲದಿದ್ದರೆ ಏಕೆಂದು ಧೈರ್ಯವಾಗಿ ಕೇಳಿರಿ, ಅವಳಿಗೆ ಒಂದು ತಂಬಿಗೆ ನೀರನ್ನು ಹಾಸಿಗೆಯ ಪಕ್ಕದಲ್ಲಿಯೇ ಇಡಿ ಎಂದು ಹೇಳಿದ್ದೇನೆ.